ಅಪ್‌ಡೇಟ್: ಕೊನೆಗೂ ಡಿಸ್‌ಪ್ಲೇ ಬಂತು, ತೊಂದರೆ ಬಯಾಸ್‌ನದ್ದೇ

ಹೋದ ವಾರ ಕೇಳಿದ್ದೆನಲ್ಲ, ರೈಜನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಎಲ್ಲ ಸೇರಿಸಿ ಕಂಪ್ಯೂಟರ್ ಜೋಡಿಸಿದ ಮೇಲೆ ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು ಅಂತ. ಬಯಾಸ್ (ಆನ್ ಮಾಡಿದ ಕೂಡಲೇ ಮೊದಲು ಓಡೋ, ಬೋರ್ಡಲ್ಲೇ ಇರೋ ಸಾಫ್ಟ್‌ವೇರ್) ಹಳೇದಿರಬೇಕು ಅಂದವರ ಮಾತೇ ನಿಜವಾಯ್ತು. ಬೋರ್ಡ್ ರೈಜನ್ 5000 ಸರಣಿ ಬರೋಕೆ ಮುಂಚಿನದು, ಅದರ ಹಳೇ ಬಯಾಸ್‌ಗೆ ಈ ಪ್ರೊಸೆಸರ್ ಗುರುತೇ ಸಿಗಲಿಲ್ಲ. ಪ್ರೊಸೆಸರ್ ಕೂರೋ ಸಾಕೆಟ್ ಎರಡಕ್ಕೂ ಎಎಂ4 ಅಂತ ಒಂದೇ ಇದ್ದರೆ ಸಾಕು ಅಂದುಕೊಂಡಿದ್ದೆ, ಮಾರಿದ ಅಂಗಡಿಯವರೂ ಬಾಯಿ ಬಿಡಲಿಲ್ಲ.

ಪುಣ್ಯಕ್ಕೆ ಬೋರ್ಡ್ ಹಿಂದೆ, ಪೆನ್‌ಡ್ರೈವ್‌ನಿಂದಲೇ ಬಯಾಸ್ ಅಪ್‌ಡೇಟ್ ಮಾಡೋ ಫ್ಲ್ಯಾಶ್‌ಬ್ಯಾಕ್ ಬಟನ್ ಇತ್ತು. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಮ್ಯಾನ್ಯುಯಲ್‌ನಲ್ಲಿದ್ದ ಹೆಸರನ್ನೇ ಹೊಸ ಬಯಾಸ್ ಫೈಲಿಗೆ ಇಟ್ಟು, ಅದರಲ್ಲಿ ಹಾಕಿ ಬಟನ್ ಒತ್ತಿದೆ. ಪುಟ್ಟ ಕೆಂಪು ಲೈಟ್ ಮಿನುಗೋಕೆ ಶುರುವಾಯ್ತು. ಹೊರಗೆ ಧೋ ಅಂತ ಮಳೆ. ಮಡಿಕೇರಿಯಲ್ಲಿ ಈಗ ಕರೆಂಟ್ ಯಾವಾಗ ಹೋಗುತ್ತೆ ಹೇಳೋಕಾಗಲ್ಲ, ಮಧ್ಯೆ ಹೋದರೆ ಬೋರ್ಡೇ ಕೆಡಬಹುದು ಅಂತ ಮೊದಲೇ ಯುಪಿಎಸ್‌ಗೆ ಹಾಕಿದ್ದೆ. ಲೈಟ್ ನಿಲ್ಲೋವರೆಗೂ ಅಲ್ಲಿಂದ ಕದಲಲಿಲ್ಲ. ಆಮೇಲೆ ಸ್ವಿಚ್ ಹಾಕಿದರೆ ಬಯಾಸ್ ಸ್ಕ್ರೀನ್! ಅಮ್ಮನನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ.

ಇನ್ನೊಂದು ತಪ್ಪೂ ಸಿಕ್ಕಿತು. ಎರಡು ರ‍್ಯಾಮ್ ಸ್ಟಿಕ್‌ಗಳನ್ನೂ ಅಕ್ಕಪಕ್ಕ ಚುಚ್ಚಿದ್ದೆ. ಪ್ರೊಸೆಸರ್ ಕಡೆಯಿಂದ ಎರಡನೇ, ನಾಲ್ಕನೇ ಸ್ಲಾಟಿಗೆ ಹಾಕಿದ ಮೇಲೆ ಡ್ಯುಯಲ್ ಚಾನೆಲ್ ಆಯ್ತು, ಅಂದರೆ ಎರಡೂ ಸ್ಟಿಕ್ ಒಟ್ಟಿಗೆ ಕೆಲಸ ಮಾಡಿ ವೇಗ ಹೆಚ್ಚುತ್ತೆ.

550 ವ್ಯಾಟ್ ಪವರ್ ಸಪ್ಲೈ ಸಾಲುತ್ತಾ ಅಂತ ಕೇಳಿದವರಿಗೆ: ಕಾರ್ಡ್ 170, ಪ್ರೊಸೆಸರ್ 65 ವ್ಯಾಟ್‌ನದು, ಧಾರಾಳ ಸಾಕು. ಗುಡುಗು ಬಂದಾಗ ಮಾತ್ರ ಪ್ಲಗ್ಗನ್ನೇ ಕೀಳ್ತೀನಿ. ಸಹಾಯ ಮಾಡಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.