ಪದ ಬೇಕು: ಮಿದುಳಿಗೆ ಹೊರಗಿನಿಂದ ಕೊಡುವ ಚಿಕಿತ್ಸೆಗೆ (ಸೋಮವಾರದೊಳಗೆ)

ಹುಬ್ಬಳ್ಳಿಯಿಂದ:

ನಮಸ್ಕಾರ. ನಾನು ಫಿಜಿಯೋಥೆರಪಿಸ್ಟ್. ಲಕ್ವಾ ಹೊಡೆದು ಕೈ ಬಿದ್ದವರಿಗೆ ಕೊಡುವ 'ನಾನ್-ಇನ್ವೇಸಿವ್ ಬ್ರೇನ್ ಸ್ಟಿಮ್ಯುಲೇಶನ್'ಗೆ ಒಂದು ಕನ್ನಡ ಪದ ಬೇಕು. ಬಾಗಿಲ ಬೋರ್ಡಿಗೂ ಒಪ್ಪಿಗೆ ಪತ್ರಕ್ಕೂ ಅದೇ ಹೋಗಬೇಕು. ಬೋರ್ಡ್ ಬರೆಯುವವರು ಸೋಮವಾರ ಬರುತ್ತಾರೆ.

ಈಗ ಪತ್ರದಲ್ಲಿ ಇರುವುದು ಕಂಪ್ಯೂಟರ್ ಮಾಡಿಕೊಟ್ಟ ಅನುವಾದ: 'ಆಕ್ರಮಣಶೀಲವಲ್ಲದ ಮೆದುಳಿನ ಪ್ರಚೋದನೆ'. ನಿನ್ನೆ ನವಲಗುಂದದ ಕಡೆಯ ಒಬ್ಬ ಅಜ್ಜಿಗೆ ಅವರ ಮಗ ಇದನ್ನು ಜೋರಾಗಿ ಓದಿ ಹೇಳಿದ. ಅಜ್ಜಿ ಬಲಗೈಯಿಂದ ಎಡಗೈ ಎತ್ತಿ ತೊಡೆ ಮೇಲೆ ಇಟ್ಟುಕೊಂಡು, "ಯಪ್ಪಾ, ಧಾರವಾಡದಾಗ ತಲಿಗೆ ಶಾಕ್ ಕೊಡ್ತಾರಲ್ಲ, ಅದೇನಪಾ ಇದು?" ಎಂದು ಕೇಳಿದರು.

ಅದಲ್ಲ ಇದು. ಇದರಲ್ಲಿ ಎರಡು ಬಗೆ. ಒಂದು, 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಶುರುವಾದ ಟಿಎಂಎಸ್. ಎಂಟರ ಆಕಾರದ ತಂತಿ ಸುರುಳಿಯನ್ನು ತಲೆಗೆ ಹಿಡಿಯುತ್ತೇವೆ. ಟಕ್ ಟಕ್ ಎಂದು ಸದ್ದಾಗುತ್ತದೆ. ಅಯಸ್ಕಾಂತದ ಬಲ ಬುರುಡೆ ದಾಟಿ, ಕೈ ಆಡಿಸುವ ಜಾಗಕ್ಕೆ ಸರಿಯಾಗಿ ಬಿದ್ದರೆ ಹೆಬ್ಬೆರಳು ಚಕ್ಕನೆ ಅದುರುತ್ತದೆ. ಇನ್ನೊಂದು ಟಿಡಿಸಿಎಸ್. ಉಪ್ಪುನೀರಲ್ಲಿ ನೆನೆಸಿದ ಸ್ಪಂಜನ್ನು ತಲೆಗೆ ಕಟ್ಟಿ, ಸುಮಾರು 20 ನಿಮಿಷ, 1ರಿಂದ 2 ಮಿಲಿಆಂಪಿಯರ್ ಕರೆಂಟು ಹರಿಸುವುದು. ಮಾನಸಿಕ ಕಾಯಿಲೆಗೆ ಕೊಡುವ ಶಾಕ್ ಚಿಕಿತ್ಸೆಯಲ್ಲಿ ನೂರಾರು ಮಿಲಿಆಂಪಿಯರ್, ಅದೂ ಅರಿವಳಿಕೆ ಕೊಟ್ಟು. ಎರಡಕ್ಕೂ ಅಜಗಜಾಂತರ. ಇದು ಅಜ್ಜಿಗೆ ಗೊತ್ತಾಗುವಂಥ ಪದ ಬೇಕು.

ಧಾರವಾಡದಿಂದ:

ಮೊದಲು 'ಮೆ' ತೆಗೆದು 'ಮಿ' ಹಾಕಿ. ಹಳಗನ್ನಡದ ಮಿದುಳ್ ಅದು. ಮಿದು ಎಂದರೆ ಮೆತ್ತಗಿನದು. ನನ್ನ ಪ್ರಕಾರ ಮಿದುಳು ಹುಟ್ಟಿದ್ದೇ ಅಲ್ಲಿಂದ.

'ಪ್ರಚೋದನೆ' ಪೊಲೀಸ್ ಕೇಸಿನ ಪದವಾಗಿದೆ. 'ಉದ್ದೀಪನ' ಓಟಗಾರರು ಸಿಕ್ಕಿಬೀಳುವ ಮದ್ದು. ಎರಡೂ ಬೇಡ. ಅಚ್ಚಗನ್ನಡದ 'ಮೀಟು' ಇದೆಯಲ್ಲ. ತಂತಿಯನ್ನು ಬೆರಳು ಮೀಟಿದರೆ ಇಡೀ ತಂಬೂರಿ ನುಡಿಯುತ್ತದೆ. ಹೊರಗೆ ಮುಟ್ಟಿದ್ದು ಒಳಗೆ ಮಿಡಿಯುತ್ತದೆ. 'ಮಿದುಳು ಮೀಟು' ಎಂದು ಬರೆಸಿ.

ಗದಗಿನಿಂದ:

ಬೇಡವೇ ಬೇಡ. ನಮ್ಮ ಕಡೆ ಹಾರೆ ಹಾಕಿ ಬಂಡೆ ಮೀಟುತ್ತೇವೆ. ತಲೆ ಮೀಟುತ್ತಾರೆ ಅಂದರೆ ಬುರುಡೆ ಎಬ್ಬಿಸುತ್ತಾರೆ ಅಂದುಕೊಂಡು ಮಂದಿ ವಾಪಸ್ ಬಸ್ ಹತ್ತುತ್ತಾರೆ.

ಸುಮ್ನೆ 'ಟಿಎಂಎಸ್' ಅಂತ ಬರೀರಿ. ಬಿಪಿ, ಶುಗರ್, ಸ್ಕ್ಯಾನ್ ಎಲ್ಲಾ ಅಜ್ಜಿಯರ ಬಾಯಲ್ಲೇ ಇವೆ. ಲಕ್ವಾ ಮಾತ್ರ ಏನು, ಕನ್ನಡವೇ? ಅರಬಿಯಿಂದ ಬಂದದ್ದು. ಪಾರ್ಶ್ವವಾಯು ಅಂತ ಯಾರ ಮನೆಯಲ್ಲಿ ಅಂತಾರೆ?

ಧಾರವಾಡದಿಂದ:

ಲಕ್ವಾ ಒಂದು ಪದ. ಅದಕ್ಕೆ ಅರ್ಥ ಇತ್ತು, ಅದರ ಜೊತೆಗೇ ನಮ್ಮ ಮನೆಗೆ ಬಂತು. ಟಿಎಂಎಸ್ ಪದವಲ್ಲ, ಮೂರು ಅಕ್ಷರ. ಪದ ಎರವಲು ತರುವುದು ಬೇರೆ, ಅಕ್ಷರ ಎರವಲು ತರುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹಾವೇರಿಯಿಂದ:

ನಮ್ಮ ತಂದೆಯವರನ್ನು ನೋಡಿಕೊಂಡವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ. 'ಚುರುಕು' ಅನ್ನಿ. ಸತ್ತ ಕೈಗೆ ಚುರುಕು ಬಂತು ಅಂತ ನಾವೇ ಹೇಳುತ್ತೇವೆ, ಅಲ್ವಾ? ಆಕ್ರಮಣದ ಬದಲು 'ಹೊರಗಿನಿಂದ' ಸಾಕು. ಇನ್ನೊಂದು ಮಾತು. 'ತೋಳು' ಎಂದು ಬರೆಯಬೇಡಿ. ನಮಗೆ ಹೆಗಲಿಂದ ಬೆರಳ ತುದಿಯವರೆಗೂ ಕೈಯೇ.

ಹುಬ್ಬಳ್ಳಿಯಿಂದ:

ಹಾವೇರಿ ಅಕ್ಕಾ, 'ಕೈ' ಮತ್ತು 'ಹೊರಗಿನಿಂದ' ಎರಡನ್ನೂ ತೆಗೆದುಕೊಂಡೆ. ಜೊತೆಗೆ 'ಕೊಯ್ಯದೆ' ಎಂದೂ ಸೇರಿಸುತ್ತೇನೆ. ಲಕ್ವಾ ಹೊಡೆದ ಕೈಗೆಂದೇ, ಕುತ್ತಿಗೆ ಕೊಯ್ದು ಅಲ್ಲಿನ ವೇಗಸ್ ಎಂಬ ನರಕ್ಕೆ ತಂತಿ ಜೋಡಿಸುವ ಚಿಕಿತ್ಸೆಗೂ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿದೆ. ಎರಡೂ ಬೇರೆ ಎಂದು ಕಾಣಬೇಕು.

ಆದರೆ 'ಚುರುಕು' ಹೊಂದುವುದಿಲ್ಲ. ಮಿದುಳಿನ ಎರಡು ಭಾಗಗಳು ಒಂದನ್ನೊಂದು ಹಿಡಿದಿಟ್ಟುಕೊಂಡಿರುತ್ತವೆ. ಲಕ್ವಾ ಆದಾಗ ಚೆನ್ನಾಗಿರುವ ಭಾಗ ಪೆಟ್ಟು ಬಿದ್ದ ಭಾಗವನ್ನು ಜಾಸ್ತಿ ಅದುಮುತ್ತದೆ ಎಂಬ ಲೆಕ್ಕದಲ್ಲಿ ಈ ಚಿಕಿತ್ಸೆ ಬಂದದ್ದು. ಹಾಗಾಗಿ ಎಷ್ಟೋ ಸಲ ನಾವು ಚೆನ್ನಾಗಿರುವ ಕಡೆಗೇ, ಸೆಕೆಂಡಿಗೆ ಒಂದು 'ಟಕ್'ನಂತೆ, ಟಿಎಂಎಸ್ ನಿಧಾನ ಕೊಡುತ್ತೇವೆ. ಅದು ಸುಮ್ಮನಾಗಲಿ ಎಂದು. ಪೆಟ್ಟು ಬಿದ್ದ ಕಡೆಗೆ ಬೇಗ ಬೇಗ, ಎಚ್ಚರಾಗಲಿ ಎಂದು. 'ಚುರುಕು' ಅಂದರೆ ಅರ್ಧ ಮಾತ್ರ ನಿಜ.

ರಾತ್ರಿ ಮಗಳನ್ನು ಮಲಗಿಸುವಾಗ ಹೊಳೆಯಿತು. ತಟ್ಟು. ನಿಧಾನ ತಟ್ಟಿದರೆ ಮಗು ಮಲಗುತ್ತದೆ. ಬೇಗ ಬೇಗ ತಟ್ಟಿದರೆ ಏಳುತ್ತದೆ. ಎರಡಕ್ಕೂ ಒಂದೇ ಪದ, ಕೈಯೂ ಹೊರಗೇ ಇರುತ್ತದೆ. ಇಂಗ್ಲಿಷಿನ ಪದದಲ್ಲೂ ಇಷ್ಟು ಅರ್ಥ ಇಲ್ಲ ಎಂದು ನನಗೆ ಅನಿಸುತ್ತಿದೆ.

'ಚುರುಕು' ಬೇಡ ಎನ್ನಲು ಇನ್ನೊಂದು ಕಾರಣವಿದೆ. ಅದು ಮಾತು ಕೊಟ್ಟುಬಿಡುತ್ತದೆ. ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಈ ನಿಧಾನದ ಟಿಎಂಎಸ್, ಇನ್ನೊಂದಕ್ಕೆ ಹುಸಿ ಸುರುಳಿ. ಕೈ ವ್ಯಾಯಾಮ ಇಬ್ಬರಿಗೂ. ಕೈ ಎಷ್ಟು ಆಡುತ್ತದೆ ಎಂದು ನೋಡುವ 66 ಅಂಕದ ಅಳತೆಯಲ್ಲಿ 5 ಅಂಕವಾದರೂ ಏರಿದವರು ಮೊದಲ ಗುಂಪಿನಲ್ಲಿ 67%, ಎರಡನೆಯದರಲ್ಲಿ 65%. ಅಂದರೆ ವ್ಯಾಯಾಮ ಬಿಟ್ಟು ಬರೀ ಯಂತ್ರ ನೆಚ್ಚಿಕೊಳ್ಳುವ ಹಾಗಿಲ್ಲ. ಅಜ್ಜಿ ಕೇಳಿದ ಎರಡನೇ ಪ್ರಶ್ನೆ "ಮತ್ತ ರೊಟ್ಟಿ ಬಡಿಯಾಕ ಬರ್ತೈತೇನು?" ಬಾಗಿಲ ಮೇಲಿನ ಪದ ಅವರಿಗೆ ಹೌದು ಅನ್ನಬಾರದು.

ಗದಗಿನಿಂದ:

ತಟ್ಟು ನಡೆಯುತ್ತದೆ. ಶಾಪವೂ ತಟ್ಟುತ್ತದೆ, ಆದರೂ ನಡೆಯುತ್ತದೆ. ಸ್ಪಂಜಿನದು ತಟ್ಟುವುದಿಲ್ಲವಲ್ಲ, ಅದು ಸುಮ್ನೆ ಕೂತಿರುತ್ತದೆ. ಅದಕ್ಕೆ?

ಹುಬ್ಬಳ್ಳಿಯಿಂದ:

ನಿಮ್ಮ ಮಾತು ಸರಿ, ಅದಕ್ಕೆ ಈ ಪದ ಹಾಕುವುದಿಲ್ಲ. ನಮ್ಮಲ್ಲಿ ಬರುವವರು ಈಗಾಗಲೇ 'ಕರೆಂಟ್ ಕೊಡೋದು' ಅನ್ನುತ್ತಾರೆ. ಪತ್ರದಲ್ಲಿ 'ತಲೆಗೆ ಸಣ್ಣ ಕರೆಂಟ್' ಎಂದು ಬರೆದು, ಎಷ್ಟು ಸಣ್ಣದು ಎಂಬುದನ್ನು ಕೂತು ಬಾಯಲ್ಲೇ ಹೇಳುತ್ತೇನೆ. ಬೋರ್ಡಿಗೆ ಇದು: 'ಲಕ್ವಾ ಹೊಡೆದ ಕೈಗೆ ಮಿದುಳು ತಟ್ಟು ಚಿಕಿತ್ಸೆ. ಹೊರಗಿನಿಂದ, ಕೊಯ್ಯದೆ. ವ್ಯಾಯಾಮದ ಜೊತೆಗೆ.'

'ಮಿ' ಎಂದೇ ಬರೆಸುತ್ತೇನೆ, ಧಾರವಾಡ ಸರ್.