ಪದಚರ್ಚೆ: ಸಿಗಡಿಯನ್ನು ‘ನೆನೆಸುವುದೋ’, ಮಸಾಲೆ ‘ಹಿಡಿಸುವುದೋ’?

ಎಲ್ಲರಿಗೂ ನಮಸ್ಕಾರ.

ಮಸಾಲೆ ಹಚ್ಚಿ ಕೆಂಡದ ಮೇಲೆ ಮಾಡುವ ಸಿಗಡಿ, ಜೊತೆಗೊಂದು ಘಮಘಮಿಸುವ ಅನ್ನ. ಇದರ ಪಾಕವಿಧಾನವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳ ಬಳಿ ಗಾಡಿ ನಿಂತಿದೆ.

ಮೊದಲನೆಯದು ‘ಮ್ಯಾರಿನೇಟ್’, ಅಂದರೆ ಬೇಯಿಸುವ ಮೊದಲು ಮಸಾಲೆ ಹಚ್ಚಿ ಸ್ವಲ್ಪ ಹೊತ್ತು ಬಿಡುವುದು. ಕರಡಿನಲ್ಲಿ ‘ಸಿಗಡಿಯನ್ನು ನೆನೆಸಿಡಿ’ ಎಂದಿದ್ದೆ. ಓದಿ ನೋಡು ಎಂದು ತಮ್ಮನಿಗೆ ಕೊಟ್ಟರೆ ಅವನು ಮಾಡಿಯೇ ನೋಡಿದ: ಮಸಾಲೆ ಕಲಸಿದ ಬಟ್ಟಲಿಗೆ ಎರಡು ಲೋಟ ನೀರು ಸುರಿದು ಮುಚ್ಚಿಟ್ಟ! ತಪ್ಪು ಅವನದಲ್ಲ. ಮೂರು ಸಾಲು ಮೇಲೆ, ಸಿಗಡಿ ಪೋಣಿಸುವ ಬಿದಿರುಕಡ್ಡಿಗಳಿಗೆ ಬೆಂಕಿ ಹತ್ತದಿರಲೆಂದು 30 ನಿಮಿಷ ‘ನೆನೆಸಿಡಿ’ ಎಂದು ನಾನೇ ಬರೆದಿದ್ದೆ. ಸಾಲದ್ದಕ್ಕೆ, ನೆನೆಸುವುದೆಂದರೆ ಕಾಳಿನ ಹಾಗೆ ರಾತ್ರಿಯಿಡೀ ಎಂಬ ಭಾವವೂ ಅಂಟಿಕೊಂಡಿದೆ. ನಿಂಬೆರಸ ಬಿದ್ದ ಸಿಗಡಿಗೆ 15–20 ನಿಮಿಷ ಸಾಕು. ಗಂಟೆಗಟ್ಟಲೆ ಬಿಟ್ಟರೆ ಹುಳಿಗೇ ಮಾಂಸ ಬಿಳಿಚಿಕೊಂಡು ಬಿಗಿಯಾಗುತ್ತದೆ, ಒಲೆ ಕಾಣುವ ಮೊದಲೇ ಅರ್ಧ ಬೆಂದಂತೆ.

‘ಹಚ್ಚಿಡಿ’ ಎನ್ನೋಣವೆಂದರೆ ಕೆಲವರ ಬಾಯಲ್ಲಿ ‘ಈರುಳ್ಳಿ ಹಚ್ಚು’ ಎಂದರೆ ಕತ್ತರಿಸು ಎಂದೇ ಅರ್ಥ. ಅಮ್ಮನನ್ನು ಕೇಳಿದೆ. “ಅದಕ್ಕೇನು, ಉಪ್ಪು ಖಾರ ಹಿಡೀಲಿ ಬಿಡು ಅಂತ ಬರಿ” ಎಂದರು. ನನಗೆ ಹಿಡಿಸಿದ್ದೂ ಇದೇ. ‘ಮ್ಯಾರಿನೇಟ್’ನ ಬೇರು ಲ್ಯಾಟಿನ್ನಿನ ‘ಮಾರೆ’, ಅಂದರೆ ಸಮುದ್ರ. ಉಪ್ಪುನೀರಿನಲ್ಲಿ ಅದ್ದಿಡುವುದರಿಂದ ಬಂದ ಮಾತು. ಸಮುದ್ರದಿಂದ ಎತ್ತಿದ ಸಿಗಡಿಯನ್ನು ಮತ್ತೆ ಸಮುದ್ರಕ್ಕೇ ಹಾಕಿದಂತಾಯಿತು! ನಮ್ಮ ‘ಹಿಡಿ’ಗೆ ನೀರಿನ ಹಂಗಿಲ್ಲ, ರುಚಿ ಒಳಕ್ಕಿಳಿಯಿತೇ ಎಂಬುದಷ್ಟೇ ಅದರ ಲೆಕ್ಕ. ಹಾಗಾಗಿ ‘ಮಸಾಲೆ ಸವರಿ, 20 ನಿಮಿಷ ಹಿಡಿಯಲು ಬಿಡಿ’ ಎಂದು ತಿದ್ದಿದ್ದೇನೆ. ಕ್ರಿಯಾಪದವೇನೋ ಸಿಕ್ಕಿತು. ಆ ಮಸಾಲೆಗೆ, ಅಂದರೆ ‘ಮ್ಯಾರಿನೇಡ್’ಗೆ, ‘ಸವರುಮಸಾಲೆ’ ಎಂದು ಕಟ್ಟಿಕೊಂಡಿದ್ದೇನೆ. ನಿಮ್ಮ ಕಿವಿಗೆ ಹೇಗನಿಸುತ್ತದೆ?

ಎರಡನೆಯದು ‘ಗ್ರಿಲ್’. ನನಗೆ ಮೊದಲು ಕಣ್ಣಿಗೆ ಕಟ್ಟುವುದು ಕಿಟಕಿಯ ಗ್ರಿಲ್ಲು. ಅಡುಗೆಯದೂ ಕಿಟಕಿಯದೂ ಮೂಲದಲ್ಲಿ ಒಂದೇ ಪದ, ಹೆಣೆದ ಜಾಲರಿ ಎಂಬರ್ಥದ್ದು. ನಾನು ‘ಸುಡಿ’ ಎಂದೇ ಬರೆದೆ. ‘ಸುಟ್ಟ ಸಿಗಡಿ’ ಎಂದರೆ ಜನ ಕರಕಲು ಅಂದುಕೊಳ್ಳುತ್ತಾರೆ ಎಂದು ಗೆಳತಿಯ ತಕರಾರು. ನಾನು ಒಪ್ಪಲಿಲ್ಲ. ಜೋಳದ ತೆನೆ ಸುಡುತ್ತೇವೆ, ಗೆಣಸು ಸುಡುತ್ತೇವೆ, ಯಾರೂ ಮೂಗು ಮುರಿಯುವುದಿಲ್ಲ. ‘ಸುಟ್ಟುಹೋಯಿತು’ ಎಂದು ‘ಹೋಗು’ ಸೇರಿದಾಗಲೇ ಕೆಟ್ಟಿತೆಂಬ ಅರ್ಥ. ಕೈತಪ್ಪಿ ಆಗುವುದಕ್ಕೆ ‘ಸೀಯು’ ಇದ್ದೇ ಇದೆ: ನೀರು ಇಂಗುವಾಗ ಉರಿ ಇಳಿಸದಿದ್ದರೆ ಅನ್ನ ಮೊದಲು ತಳ ಹಿಡಿಯುತ್ತದೆ, ಆಮೇಲೆ ಸೀಯುತ್ತದೆ. ಈಗ ಸಾಲು ಹೀಗಿದೆ: ‘ಒಂದೊಂದು ಮಗ್ಗುಲು 2–3 ನಿಮಿಷ ಸುಡಿ, ಕೊಕ್ಕೆಯಂತೆ ಬಾಗಿದರೆ ಬೆಂದಿದೆ, ಉಂಗುರದಂತೆ ಸುತ್ತಿಕೊಂಡರೆ ರಬ್ಬರು.’

ಅನ್ನಕ್ಕೆ ‘ಸುವಾಸಿತ ಅನ್ನ’ ಎಂದು ಬರೆದು ಹೊಡೆದುಹಾಕಿದೆ, ಊದುಬತ್ತಿಯ ನೆನಪಾಯಿತು. ಬೆಣ್ಣೆಯಲ್ಲಿ ಬೆಳ್ಳುಳ್ಳಿ, ಅಕ್ಕಿ ಹುರಿದು ಬೇಯಿಸುವುದು ತಾನೆ, ‘ಬೆಳ್ಳುಳ್ಳಿ ಅನ್ನ’ ಸಾಕು.

ಇನ್ನೊಂದು ಉಳಿದಿದೆ. ‘ಕೆಂಪಗೆ ಹುರಿಯಿರಿ’ ಎಂದರೆ ಈರುಳ್ಳಿಯ ಮಟ್ಟಿಗೆ ಕಂದುಬಣ್ಣ. ಸಿಗಡಿಯಾದರೋ ಬಿಸಿ ತಾಗುತ್ತಲೇ ಬೂದುಬಣ್ಣ ಕಳೆದು ನಿಜಕ್ಕೂ ಕೆಂಪಡರುತ್ತದೆ. ಒಂದೇ ಪುಟದಲ್ಲಿ ಎರಡು ಕೆಂಪು. ಇವೆರಡನ್ನು ಬೇರೆಬೇರೆಯಾಗಿ ಹೇಳುವ ಮಾತು ನಿಮ್ಮ ಮನೆಗಳಲ್ಲಿ ಬಳಕೆಯಲ್ಲಿದೆಯೇ?