‘ವ್ಯವಹಾರ ನಿರಂತರತೆ’ ಎಂಬುದಕ್ಕೆ ಬೇರೆ ಪದ ಬೇಕು

ಬಲ್ಲವರ ಸಲಹೆ ಕೋರಿ ಬರೆಯುತ್ತಿದ್ದೇನೆ. ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳಿಗಾಗಿ ತುರ್ತು ನಿರ್ವಹಣೆಯ ಪಾಠಗಳನ್ನು ಸಿದ್ಧಪಡಿಸುತ್ತಿದ್ದೇನೆ. ವಿಪತ್ತಿನ ಕುರಿತ ಪದಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. 2005ರ ಕಾಯ್ದೆ ಬಂದ ಮೇಲೆ ‘ವಿಪತ್ತು ನಿರ್ವಹಣೆ’ ಬಳಕೆಗೆ ಬಂದು ನಿಂತಿದೆ. ‘ಪ್ರಕೃತಿ ವಿಕೋಪ’ ಎಲ್ಲರಿಗೂ ಗೊತ್ತು. ತೊಡಕಿರುವುದು ‘ಬಿಸಿನೆಸ್ ಕಂಟಿನ್ಯುಟಿ’ಯಲ್ಲಿ, ಅಂದರೆ ಅವಘಡದ ನಡುವೆಯೂ ಸಂಸ್ಥೆಯ ಮುಖ್ಯ ಕೆಲಸಗಳನ್ನು ನಡೆಸಿಕೊಂಡು ಹೋಗಲು ಮೊದಲೇ ಮಾಡಿಟ್ಟುಕೊಳ್ಳುವ ಯೋಜನೆಯಲ್ಲಿ. ಅದಕ್ಕೆ ‘ವ್ಯವಹಾರ ನಿರಂತರತೆ’ ಎಂದು ಬರೆದರೆ ಎರಡು ಪದಗಳೂ ದಾರಿ ತಪ್ಪಿಸುತ್ತವೆ ಎಂಬುದು ನನ್ನ ಅನಿಸಿಕೆ.

‘ನಿರಂತರ’ ಎಂದರೆ ನಡುವೆ ಬಿಡುವಿಲ್ಲದ್ದು. ಈ ಯೋಜನೆಯಾದರೋ ಹುಟ್ಟುವುದೇ ಕೆಲಸ ನಿಂತುಹೋಗಬಹುದು ಎಂದು ಒಪ್ಪಿಕೊಂಡ ಮೇಲೆ. 2015ರ ಡಿಸೆಂಬರ್ 2ರಂದು ‘ದಿ ಹಿಂದೂ’ ಪತ್ರಿಕೆಯ ಚೆನ್ನೈ ಆವೃತ್ತಿ ಅಚ್ಚಾಗಲಿಲ್ಲ. ಪ್ರವಾಹದಿಂದಾಗಿ ಸಿಬ್ಬಂದಿ ಊರಾಚೆಯ ಮರೈಮಲೈ ನಗರದ ಮುದ್ರಣಾಲಯವನ್ನು ತಲುಪಲಾಗಲಿಲ್ಲ. 1878ರಲ್ಲಿ ಹುಟ್ಟಿದ ಪತ್ರಿಕೆಗೆ ಇಂಥದ್ದು ಇದೇ ಮೊದಲು ಎಂದು ಆಗ ಸುದ್ದಿಯಾಗಿತ್ತು. ಯಂತ್ರ, ಕಾಗದ, ವಿದ್ಯುತ್ತು ಎಲ್ಲವನ್ನೂ ಲೆಕ್ಕಹಾಕುವ ನಾವು ಕೆಲಸಗಾರರು ಬರುವ ದಾರಿಯನ್ನು ಲೆಕ್ಕಕ್ಕೆ ತರುವುದು ಕಡಿಮೆ. ಯಾವುದು ನಿಂತರೆ ಯಾವುದನ್ನು ಮೊದಲು, ಎಷ್ಟು ಹೊತ್ತಿನೊಳಗೆ ಮತ್ತೆ ಶುರುಮಾಡಬೇಕು ಎಂಬ ನಿರ್ಧಾರವೇ ಈ ಪಾಠಗಳ ತಿರುಳು. ‘ನಿರಂತರತೆ’ಯಲ್ಲಿ ಆ ಅರ್ಥ ಹೊಮ್ಮುವುದಿಲ್ಲ.

ಇನ್ನು ‘ವ್ಯವಹಾರ’ ಎಂದೊಡನೆ ಸಂಘದವರ ಮನಸ್ಸು ಹಣಕಾಸಿನ ಕಡೆಗೆ ಹೋಗುತ್ತದೆ. ಇದೇ ಪಾಠವನ್ನು ಆಸ್ಪತ್ರೆಗೋ ನೀರು ಸರಬರಾಜಿಗೋ ಹೇಳುವಾಗಲಂತೂ ಆ ಪದ ಹೊಂದುವುದೇ ಇಲ್ಲ. ಸದ್ಯಕ್ಕೆ ನನ್ನ ಒಲವು ‘ಕಾರ್ಯ ಮುಂದುವರಿಕೆ ಯೋಜನೆ’ಯ ಕಡೆಗಿದೆ. ‘ಮುಂದುವರಿಸು’ ಎಂಬಲ್ಲಿ ನಿಂತದ್ದನ್ನು ಮತ್ತೆ ನಡೆಸುವ ಅರ್ಥವೂ ಸೇರುತ್ತದೆ.

ಇದಕ್ಕಿಂತ ಕಠಿಣವಾದದ್ದು ಇನ್ನೊಂದು ಜೋಡಿ. ಕರೆಂಟು ಹೋದಾಗ ಹಾಲಿನ ಶೀತಲೀಕರಣ ಘಟಕವನ್ನು ಎಷ್ಟು ಹೊತ್ತಿನೊಳಗೆ ಮತ್ತೆ ನಡೆಸಲೇಬೇಕು ಎಂಬುದು ಒಂದು ಮಿತಿ. ಕಂಪ್ಯೂಟರ್ ಕೆಟ್ಟಾಗ ಎಷ್ಟು ಹೊತ್ತಿನ ಹಾಲಿನ ಲೆಕ್ಕ ಕಳೆದುಹೋದರೆ ಸಂಘ ತಾಳಿಕೊಳ್ಳಬಲ್ಲದು ಎಂಬುದು ಇನ್ನೊಂದು. ಇಂಗ್ಲಿಷಿನಲ್ಲಿ ಇವು ‘ಆರ್‌ಟಿಒ’ (ರಿಕವರಿ ಟೈಮ್ ಆಬ್ಜೆಕ್ಟಿವ್) ಮತ್ತು ‘ಆರ್‌ಪಿಒ’ (ರಿಕವರಿ ಪಾಯಿಂಟ್ ಆಬ್ಜೆಕ್ಟಿವ್). ಮೊದಲನೆಯ ಹೆಸರು ಕೇಳಿದರೆ ನಮ್ಮವರಿಗೆ ನೆನಪಾಗುವುದು ಸಾರಿಗೆ ಕಚೇರಿ, ಆದ್ದರಿಂದ ಹಾಗೆಯೇ ಉಳಿಸುವಂತಿಲ್ಲ. ‘ಪುನರಾರಂಭದ ಗಡುವು’, ‘ಲೆಕ್ಕನಷ್ಟದ ಮಿತಿ’ ಎಂದು ಬರೆದಿಟ್ಟಿದ್ದೇನೆ. ಮೊದಲನೆಯದು ನಿಲ್ಲುತ್ತದೆ ಎಂಬ ನಂಬಿಕೆಯಿದೆ. ಎರಡನೆಯದಕ್ಕೆ ಸಹಜವಾದ ಪದ ಹೊಳೆದವರು ದಯವಿಟ್ಟು ತಿಳಿಸಿ.

ಕೊನೆಗೆ ಮತ್ತೊಂದು. ‘ಮಾಕ್ ಡ್ರಿಲ್’ ಅನ್ನು ಪತ್ರಿಕೆಗಳು ‘ಅಣಕು ಪ್ರದರ್ಶನ’ ಎನ್ನುತ್ತವೆ. ಅಣಕಿಸುವುದರಲ್ಲಿ ಗೇಲಿಯ ಛಾಯೆಯಿದೆ, ಪ್ರದರ್ಶನವೆಂದರೆ ಪ್ರೇಕ್ಷಕರಿಗಾಗಿ ಮಾಡುವುದು. ಮೈಸೂರಿನಲ್ಲಿ ದಸರಾ ಆನೆಗಳಿಗೆ ನಡೆಸುವುದನ್ನು ‘ತಾಲೀಮು’ ಎನ್ನುತ್ತೇವಲ್ಲ, ಬೆಂಕಿ ಬಿದ್ದಾಗ ಹೊರಬರುವ ಅಭ್ಯಾಸಕ್ಕೂ ‘ತುರ್ತು ತಾಲೀಮು’ ಎನ್ನಲು ಏನಾದರೂ ಅಡ್ಡಿಯಿದೆಯೇ?